ತೀರಿಹೋದವರ ಹೆಸರಿನಲ್ಲಿ ಹತ್ತು ವರ್ಷ

"ಅಣ್ಣಾ, ಬೋರ್ಡ್ ಬರೀಬೇಡಿ," ಎಂದಳು ಕಣ್ಣಿನ ಮೇಷ್ಟ್ರ ಮಗಳು. "ಆ ಹೆಸರು ನಮಗೆ ಸಿಗಲಿಲ್ಲ. ಅಪ್ಪ ತಗೊಂಡುಬಿಟ್ಟಿದ್ದಾರೆ."

ನನ್ನ ಕೈಯಲ್ಲಿದ್ದ ಕುಂಚ ಜಾರಿ ಬಣ್ಣದ ಡಬ್ಬಿಯೊಳಗೆ ಬಿತ್ತು. ಅವಳ ಅಪ್ಪ ತೀರಿಹೋಗಿ ಎಂಟು ತಿಂಗಳಾಗಿತ್ತು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.

ನಾನು ಬೋರ್ಡ್ ಬರೆಯುವವನು. ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವ ಕಸುಬಿನ ಮೇಷ್ಟ್ರಿಗೆ ಇಪ್ಪತ್ತು ವರ್ಷದ ಹಿಂದೆ ಮೊದಲ ಬೋರ್ಡ್ ಬರೆದವನು ನಾನೇ. ಅಂದು ಅವರು ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು, ಅಕ್ಷರ ಎಷ್ಟು ದಪ್ಪ ಇರಬೇಕು ಎಂದು ಗೋಡೆಯ ಮೇಲೆ ಗೀಚಿ ತೋರಿಸಿ ನನ್ನ ಪ್ರಾಣ ತಿಂದಿದ್ದರು. ಈಗ ಮಗಳು ಹೊಸ ಬೋರ್ಡ್ ಕೇಳಿದ್ದಳು. ಅಪ್ಪನ ಹೆಸರಿನಲ್ಲೇ ಅಂತರ್ಜಾಲದಲ್ಲಿ ಒಂದು ವಿಳಾಸ ತೆಗೆದುಕೊಂಡು, ಅದನ್ನು ಬೋರ್ಡಿನ ಕೆಳಗೆ ಹಾಕಿಸುವ ಆಸೆ ಅವಳದು. ಇಂಥ ವಿಳಾಸಕ್ಕೆ ಡೊಮೇನ್ ಎನ್ನುತ್ತಾರೆ, ಅದನ್ನು ನೋಂದಾಯಿಸಿ ಕೊಡುವ ಕಂಪನಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ಇಷ್ಟು ನನಗೂ ಗೊತ್ತಿತ್ತು. ಸತ್ತವರೂ ಅದನ್ನು ಕೊಳ್ಳಬಹುದು ಎಂಬುದು ಗೊತ್ತಿರಲಿಲ್ಲ.

"ಬಾಮ್ಮ, ಮೇಲೆ ಹೋಗೋಣ," ಎಂದೆ. ನನಗೆ ದೆವ್ವದ ವಿಷಯ ಅಂದರೆ ಕೈಕಾಲು ತಣ್ಣಗಾಗುತ್ತವೆ, ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಮೇಲೆ ಇರುವವರು ದೊಡ್ಡಮ್ಮ. ನನ್ನ ಅಂಗಡಿಯ ಒಡತಿ. ಅಂಚೆ ಇಲಾಖೆಯಲ್ಲಿ, ವಿಳಾಸ ಸಿಗದ ಪತ್ರಗಳ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದವರು. ಯಾರಿಗೂ ತಲುಪದ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಬರೆದವರು ಯಾರೆಂದು ಹೇಳುವುದೇ ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಆ ಚಟ ಹೋಗಿರಲಿಲ್ಲ. ಊರಿನ ಅರ್ಧದಷ್ಟು ಗುಟ್ಟುಗಳು ಅವರ ಮೆಟ್ಟಿಲು ಹತ್ತಿಯೇ ಬಯಲಾಗಿದ್ದವು, ಪ್ರತಿ ಸಲವೂ ಓಡಾಡಿ ಚಪ್ಪಲಿ ಸವೆಸಿದವನು ನಾನು.

"ಅಳ್ಬೇಡ, ನಿಧಾನಕ್ಕೆ ಹೇಳು," ಎಂದರು ದೊಡ್ಡಮ್ಮ.

ಅವಳು ಹೇಳಿದಳು. ಹಿಂದಿನ ಸೋಮವಾರ ಸಂಜೆ ನಾಲ್ವರು ಮೇಜಿನ ಸುತ್ತ ಕೂತಿದ್ದರು. ಅವಳು, ಅವಳ ಅಣ್ಣನ ಹೆಂಡತಿ, ಮೇಷ್ಟ್ರ ಜೊತೆ ಇಪ್ಪತ್ತು ವರ್ಷ ಮೇಣದ ಅಚ್ಚು ತೆಗೆಯುತ್ತಿದ್ದ ಅವಳ ಸೋದರಮಾವ, ಮತ್ತು ಪಕ್ಕದ ಬೀದಿಯ ಕಂಪ್ಯೂಟರ್ ಅಂಗಡಿಯವನು. ಅಪ್ಪನ ಹೆಸರು ಖಾಲಿ ಇರುವುದನ್ನು ನೋಡಿ, ನಾಳೆ ಕೊಳ್ಳೋಣ ಎಂದು ಎದ್ದರು. ಮಂಗಳವಾರ ಎಂದಿನಂತೆ ಎಂಟಕ್ಕೆ ಅವಳು ಅಳತೆ ತೆಗೆಯಲು ಆಸ್ಪತ್ರೆಗೆ ಹೋದಳು. ಹನ್ನೊಂದಕ್ಕೆ ಬಂದು ನೋಡಿದರೆ ಹೆಸರು ಹೋಗಿತ್ತು.

"ಯಾರು ತಗೊಂಡಿದ್ದಾರೆ ಅಂತ ಹುಡುಕಿದ್ರೆ, ಮಾಲೀಕರು ಅಂತ ಅಪ್ಪನ ಹೆಸರಿದೆ ದೊಡ್ಡಮ್ಮ! ಇಮೇಲ್ ಕೂಡ ಅಪ್ಪಂದೇ. ಆ ಇಮೇಲ್ ಕೆಲಸದ ಕೋಣೆಯ ಹಳೇ ಕಂಪ್ಯೂಟರಲ್ಲಿ ಬಿಟ್ಟು ಬೇರೆಲ್ಲೂ ತೆರೆಯಲ್ಲ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ನೋಂದಣಿ ಆಗಿದ್ದು ಮೂರು ಗಂಟೆ ಹತ್ತು ನಿಮಿಷಕ್ಕೆ. ಆ ಹೊತ್ತಲ್ಲಿ ಕೋಣೆಗೆ ಬೀಗ ಹಾಕಿತ್ತು, ಎರಡೂ ಕೀಲಿ ನನ್ನ ದಿಂಬಿನ ಕೆಳಗಿತ್ತು. ಅಪ್ಪನ ಪ್ರಾಣ ಹೋಗಿದ್ದೂ ಬೆಳಗಿನ ಜಾವ ಮೂರಕ್ಕೇನೇ."

ನಾನು ನನ್ನ ಕುರ್ಚಿಯನ್ನು ದೊಡ್ಡಮ್ಮನ ಕಡೆ ಸ್ವಲ್ಪ ಸರಿಸಿಕೊಂಡೆ.

"ಇಷ್ಟೇ ಆಗಿದ್ರೆ ತಡ್ಕೋತಿದ್ದೆ," ಎಂದು ಅವಳು ಒಂದು ಕಾಗದ ತೆಗೆದಳು. "ಇವತ್ತು ಬೆಳಿಗ್ಗೆ ಅಪ್ಪನ ಹಳೇ ಪೇಷೆಂಟು, ಒಬ್ಬರು ಟೀಚರ್, ಇದನ್ನ ಹಿಡ್ಕೊಂಡು ಬಂದ್ರು."

ಆ ಹೊಸ ವಿಳಾಸದಿಂದಲೇ ಬಂದ ಪತ್ರ ಅದು. 'ನಿಮ್ಮ ಕಣ್ಣು ಬದಲಿಸುವ ಕಾಲ ಬಂದಿದೆ. ಹೊಸದು ಸಿದ್ಧವಾಗಿದೆ. ಬೆಳಗಿನ ಬೆಳಕಿರುವಾಗ ಬನ್ನಿ.' ಕೆಳಗೆ ಮೇಷ್ಟ್ರ ಹೆಸರು.

"ಬೆಳಗಿನ ಬೆಳಕು ಅನ್ನೋದು ಅಪ್ಪಂದೇ ಮಾತು. ಅವರ ಸಮಾಧಾನಕ್ಕೆ ಅಂತ ಡ್ರಾಯರ್ ತೆಗೆದೆ. ಕಣ್ಣು ಅಲ್ಲಿತ್ತು. ಅವರ ಹೆಸರಿನ ಚೀಟಿ ಸಮೇತ, ನನ್ನನ್ನೇ ನೋಡ್ತಾ ಇತ್ತು. ನಾನು ಅದನ್ನ ಮಾಡಿಲ್ಲ. ನಮ್ಮಲ್ಲಿ ಕಣ್ಣು ಬರೆಯೋರು ಅಪ್ಪ ಒಬ್ಬರೇ ಇದ್ದಿದ್ದು."

"ನಿನಗೆ ಬರೆಯೋಕೆ ಬರಲ್ವಾ?"

ಅವಳು ತಲೆ ತಗ್ಗಿಸಿದಳು. "ಅಪ್ಪ ಕಲಿಸಲಿಲ್ಲ. ಬೆಳಿಗ್ಗೆ ಬಾಗಿಲು ಹಾಕ್ಕೊಂಡು ಬರೀತಿದ್ರು, ಮೇಣ ಕಾಯಿಸೋಕೆ ಮಾಮನನ್ನ ಬಿಟ್ಟು ಯಾರನ್ನೂ ಸೇರಿಸ್ತಿರಲಿಲ್ಲ. ನನ್ನ ಕೈ ಅವರಿಗೆ ಸಾಲದು ಅನ್ನಿಸಿರಬೇಕು. ಅದಕ್ಕೇ ಇನ್ನು ಕಾರ್ಖಾನೆಯ ರೆಡಿಮೇಡ್ ಕಣ್ಣು ತರಿಸಿ ಮಾರೋಣ ಅಂತಿದ್ದೆ. ಕಂಪ್ಯೂಟರಿನವನದೇ ಯೋಜನೆ ಅದು. ಅಪ್ಪನಿಗೆ ಅದೂ ಬೇಡವಾಗಿದೆ. ನನ್ನ ಮೇಲೆ ನಂಬಿಕೆಯಿಲ್ಲ, ಸತ್ತ ಮೇಲೂ ಇಲ್ಲ. ಈ ವಾರ ನೋಡ್ತೀನಿ ದೊಡ್ಡಮ್ಮ, ಆಮೇಲೆ ಅಂಗಡಿ ಮುಚ್ಚಿ ಆಸ್ಪತ್ರೆಯಲ್ಲೇ ಯಾವುದಾದ್ರೂ ಕೆಲಸ ಕೇಳ್ತೀನಿ."

ದೊಡ್ಡಮ್ಮ ಕನ್ನಡಕ ಒರೆಸಿಕೊಂಡರು. "ಏನಯ್ಯಾ, ಆ ನೋಂದಣಿ ವಿವರ ನಿನ್ನ ಫೋನಲ್ಲಿ ತೆಗೆದು, ಒಂದಕ್ಷರ ಬಿಡದ ಹಾಗೆ ಬರ್ಕೋ."

ಹಾಳು ಅಕ್ಷರಗಳೆಲ್ಲ ಇಂಗ್ಲಿಷಿನವು. ಆದರೂ ರಟ್ಟಿನ ಮೇಲೆ ಇದ್ದದ್ದು ಇದ್ದ ಹಾಗೆ ಬರೆದೆ. ಮಾಲೀಕರು, ಮೇಷ್ಟ್ರು. ರಿಜಿಸ್ಟ್ರಾರ್, ಯಾವುದೋ ಕಂಪನಿ. ದಿನಾಂಕ, ಆ ಮಂಗಳವಾರ. ಅವಧಿ, ಹತ್ತು ವರ್ಷ. ಸಮಯ 03:10:22, ಅದರ ಬೆನ್ನಿಗೆ ಅಂಟಿಕೊಂಡು ಒಂದು ಝಡ್.

"ಇದೇನಯ್ಯಾ ಬಾಲ?"

"ಇತ್ತು, ಬರೆದೆ. ಯಾಕಿದೆ ಅಂತ ನನ್ನನ್ನ ಕೇಳಿದ್ರೆ?" ಎಂದೆ ಸಿಡುಕಿ.

ಮಧ್ಯಾಹ್ನವೇ ಕೆಲಸದ ಕೋಣೆಗೆ ಹೋದೆವು. ಕಿಟಕಿಗೆ ಮುಖ ಮಾಡಿದ ಉದ್ದನೆಯ ಮೇಜು, ಅದರ ಒಂದು ತುದಿಯಲ್ಲಿ ಹಳೆಯ ಕಂಪ್ಯೂಟರ್, ಗೋಡೆಯುದ್ದಕ್ಕೂ ಚಪ್ಪಟೆ ಡ್ರಾಯರುಗಳು. ದೊಡ್ಡಮ್ಮ ಒಂದನ್ನು ಎಳೆದರು. ಹತ್ತಿಯ ಮೇಲೆ ಸಾಲು ಸಾಲು ಕಣ್ಣುಗಳು. ಕಂದು, ಬೂದು, ಜೇನಿನ ಬಣ್ಣ. ನಾನು ಎಡಕ್ಕೆ ಸರಿದರೆ ಎಡಕ್ಕೆ ನೋಡಿದವು, ಬಲಕ್ಕೆ ಸರಿದರೆ ಬಲಕ್ಕೆ. ಬಿಸಿಲಿತ್ತು, ಹೊರಗೆ ಜನರ ಓಡಾಟವಿತ್ತು, ಆದರೂ ಬೆನ್ನ ಮೇಲೆ ಬೆವರು ಇಳಿಯಿತು.

"ಇವೆಲ್ಲ ಪೇಷೆಂಟುಗಳು ಬದಲಿಸಿಕೊಂಡಾಗ ಬಿಟ್ಟುಹೋದ ಹಳೇವು," ಎಂದಳು ಮಗಳು. "ಚೀಟಿ ಮೇಲೆ ಮಾಡಿದ ವರ್ಷ ಇದೆ. ಇದು ಟೀಚರದ್ದು, ಹೊಸದು."

"ಬ್ರಶ್ ಹಿಡಿಯೋ ಮನುಷ್ಯ ನೀನು, ನೋಡು," ಎಂದು ದೊಡ್ಡಮ್ಮ ನನ್ನ ಕೈಗೆ ಭೂತಗನ್ನಡಿ ತುರುಕಿದರು.

ಮೊದಲು ಮೂಸಿದೆ. ಹೊಸದಾಗಿ ಪಾಲಿಶ್ ಮಾಡಿದ ವಾಸನೆ, ವಾರವೂ ಕಳೆದಿರಲಿಲ್ಲ. ಆಮೇಲೆ ಪಾಪೆಯ ಸುತ್ತಲಿನ ಬಣ್ಣದ ಗೆರೆಗಳನ್ನು ನೋಡಿದೆ. ಕೂದಲಿಗಿಂತ ಸಣ್ಣ ಗೆರೆಗಳು, ಒಂದರ ಮೇಲೊಂದು. ಕುಂಚ ಎತ್ತುವಾಗ ಗೆರೆಯ ತುದಿಯಲ್ಲಿ ಒಂದು ಚೂರು ವಾಲು ಉಳಿಯುತ್ತದೆ, ಬರೆಯುವವನ ಕೈ ಅಲ್ಲಿ ಸಿಕ್ಕಿಬೀಳುತ್ತದೆ. ಇವೆಲ್ಲ ಎಡಕ್ಕೆ ವಾಲಿದ್ದವು. ಹಳೆಯವನ್ನು ಒಂದೊಂದಾಗಿ ನೋಡುತ್ತ ಹೋದೆ. ಆರು ವರ್ಷದಿಂದೀಚಿನವೆಲ್ಲ ಎಡಕ್ಕೇ. ಅದಕ್ಕಿಂತ ಹಳೆಯವು ಬಲಕ್ಕೆ.

"ವಯಸ್ಸಾದ ಮೇಲೆ ಮೇಷ್ಟ್ರ ಕೈ ತಿರುಗಿಕೊಂಡಿರಬೇಕು," ಎಂದು ತೀರ್ಪು ಕೊಟ್ಟೆ. ದೊಡ್ಡಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

ಅತ್ತಿಗೆ ಮುಂದಿನ ಕೋಣೆಯಲ್ಲಿ ಫೋನು ಮತ್ತು ಪೇಷೆಂಟುಗಳ ಪುಸ್ತಕ ನೋಡಿಕೊಳ್ಳುವವಳು. ಗಂಡ ಹಡಗಿನಲ್ಲಿ ಇಂಜಿನಿಯರ್, ವರ್ಷಕ್ಕೊಮ್ಮೆ ಬರುತ್ತಾನೆ. ಅವಳು ನೇರವಾಗಿಯೇ ಹೇಳಿದಳು: "ಕೋಣೆ ಖಾಲಿ ಆದ್ರೆ ಹೊಲಿಗೆ ಕ್ಲಾಸ್ ಮಾಡೋಣ ಅಂತ ನನಗೆ ಆಸೆ ಇದ್ದದ್ದು ನಿಜ. ಅದಕ್ಕೆ ಮಾವನವರ ದೆವ್ವ ಕರೆಸ್ತೀನಾ? ಆ ಡ್ರಾಯರ್ ನೆನೆಸಿಕೊಂಡ್ರೇ ಮೈ ಜುಮ್ ಅನ್ನುತ್ತೆ, ನಾನು ಒಳಗೆ ಕಾಲಿಡಲ್ಲ."

"ಮಂಗಳವಾರ ಬೆಳಿಗ್ಗೆ ಯಾರಾದ್ರೂ ಬಂದಿದ್ರಾ?"

"ಎಂಟರಿಂದ ಹನ್ನೊಂದರವರೆಗೆ ಬಾಗಿಲ ಹತ್ರ ನಾನೇ ಇದ್ದೆ. ಹೊರಗಿನವರು ಒಂದು ನರಪಿಳ್ಳೆಯೂ ಒಳಗೆ ಹೋಗಿಲ್ಲ. ಆದ್ರೆ ಕಳ್ಳತನ ಆಗಿದ್ದು ರಾತ್ರಿ ಅಲ್ವಾ?"

ಮಾಮ ತನ್ನ ಮೂಲೆಯಲ್ಲಿ ಕೂತು, ಎಡಗೈಯಲ್ಲಿದ್ದ ಪುಟ್ಟ ಚಾಕುವಿನಿಂದ ಮೇಣ ಹೆರೆಯುತ್ತಿದ್ದ. ತೆಳ್ಳಗಿನ ಮನುಷ್ಯ. ಎರಡು ಮಾತು ಕೇಳಿದರೆ ಒಂದು ಮಾತು ಆಡುವವನು.

"ಭಾವನ ಹೆಸರಲ್ಲಿ ಯಾರು ಹೀಗೆ ಮಾಡಿರಬಹುದು?" ಎಂದು ದೊಡ್ಡಮ್ಮ ಕೇಳಿದರು.

"ಭಾವನ ಹೆಸರು ದೊಡ್ಡದು," ಎಂದ ಮಾಮ, ಮತ್ತೆ ಮೇಣಕ್ಕೆ ಬಗ್ಗಿದ.

ಕಂಪ್ಯೂಟರ್ ಅಂಗಡಿಯವನದು ಇದಕ್ಕೆ ತದ್ವಿರುದ್ಧ. ಬಾಯಿ ತೆರೆದರೆ ಮುಚ್ಚುವವನಲ್ಲ. "ಮೂರು ರಿಜಿಸ್ಟ್ರಾರ್ ಹೇಳಿದ್ದೆ ದೊಡ್ಡಮ್ಮ. ಮೊದಲನೇದು ಮೊದಲ ವರ್ಷಕ್ಕೆ ಬಿಟ್ಟಿ ಲೆಕ್ಕ, ಎರಡನೇ ವರ್ಷ ಚರ್ಮ ಸುಲೀತಾರೆ. ಎರಡನೇದು ನನ್ನ ಮೂಲಕ. ಹೆಸರು ನನ್ನ ಖಾತೆಯಲ್ಲಿರುತ್ತೆ, ಅವರಿಗೆ ತಲೆನೋವಿಲ್ಲ."

"ನಿನಗೆ ಜುಟ್ಟು ಸಿಗುತ್ತೆ," ಎಂದೆ ನಾನು.

"ಏನಣ್ಣಾ ನೀವು! ಮೂರನೇದು ಹಳೇ ಕಂಪನಿ, ತಳುಕಿಲ್ಲ ಬಳುಕಿಲ್ಲ. ಪ್ರತಿ ವರ್ಷ ಒಂದೇ ಬೆಲೆ, ಹೆಸರು ಕೊಂಡವರದ್ದೇ, ಬೇಕಾದಾಗ ಬೇರೆ ಕಡೆ ಒಯ್ಯಬಹುದು. ಅತ್ತಿಗೆ ಮೊದಲನೇದೇ ಸಾಕು ಅಂದ್ರು, ಇವರೂ ಹೂಂ ಅಂದ್ರು."

"ಯಾರಾದ್ರೂ ಏನಾದ್ರೂ ಕೇಳಿದ್ರಾ?"

"ಮಾಲೀಕ ಸತ್ತರೆ ಹೆಸರು ಏನಾಗುತ್ತೆ ಅಂತ ಒಬ್ಬರು ಕೇಳಿದ್ರು. ಮೂರನೇ ಕಂಪನಿಯವರು ದಾಖಲೆ ತೋರಿಸಿದ್ರೆ ವಾರಸುದಾರರಿಗೆ ಬರೆದುಕೊಡ್ತಾರೆ ಅಂದೆ. ಕೇಳಿದ್ದು ಯಾರು ಅಂತ ನೋಡಲಿಲ್ಲ, ಲ್ಯಾಪ್‌ಟಾಪ್ ನೋಡ್ತಿದ್ದೆ."

ನಾನು ರಟ್ಟು ತೆಗೆದು ನೋಡಿದೆ. ಸತ್ತ ಮೇಷ್ಟ್ರು ಹೆಸರು ಕೊಂಡದ್ದು ಮೂರನೇ ಕಂಪನಿಯಲ್ಲಿ.

ಮರುದಿನ ಸಂಜೆ ದೊಡ್ಡಮ್ಮ ನನ್ನ ಅಂಗಡಿಗೆ ಇಳಿದು ಬಂದು, "ನೀನೂ ಒಂದು ಡೊಮೇನ್ ತಗೋ," ಎಂದರು.

"ನನಗ್ಯಾಕೆ? ಬೀದಿ ತುಂಬಾ ನನ್ನ ಅಕ್ಷರಾನೇ ಇದೆ."

"ತಗೋ ಅಂದ್ರೆ ತಗೋ. ಆ ಮೂರನೇ ಕಂಪನಿಯಲ್ಲೇ."

ಬೈದುಕೊಂಡೇ ಕೂತೆ. ನನ್ನ ಕಸುಬಿನ ಹೆಸರು ಯಾರೋ ಪುಣ್ಯಾತ್ಮ ಆಗಲೇ ತೆಗೆದುಕೊಂಡಿದ್ದ. ಹಿಂದೊಂದು ಪದ ಸೇರಿಸಿದಾಗ ಸಿಕ್ಕಿತು. ಎಷ್ಟು ವರ್ಷಕ್ಕೆ ಎಂದು ಕೇಳಿತು. ಒಂದೇ ವರ್ಷ, ನನಗೇನು ಹುಚ್ಚೇ? 'ಮಾಲೀಕರ ಹೆಸರನ್ನು ಸಾರ್ವಜನಿಕರಿಂದ ಮುಚ್ಚಿಡಿ' ಎಂಬ ಚೌಕದಲ್ಲಿ ಆಗಲೇ ಗುರುತು ಬಿದ್ದಿತ್ತು. ಹಾಗೇ ಬಿಟ್ಟೆ. ಕೊನೆಯ ಗುಂಡಿ ಒತ್ತಿದಾಗ ದೊಡ್ಡಮ್ಮ ನನ್ನ ಗೋಡೆ ಗಡಿಯಾರ ನೋಡಿದರು. ನಾಲ್ಕು ಗಂಟೆ ಹತ್ತು ನಿಮಿಷ. ಒಂದು ಗಳಿಗೆ ಬಿಟ್ಟು ನನ್ನ ಹೊಸ ಹೆಸರಿನ ನೋಂದಣಿ ವಿವರ ತೆಗೆಸಿ ಓದಿಕೊಂಡು, "ನಾಳೆ ಹತ್ತಕ್ಕೆ ಎಲ್ಲರನ್ನೂ ಆ ಕೋಣೆಗೆ ಕರಿ," ಎಂದು ಮೆಟ್ಟಿಲು ಹತ್ತಿ ಹೊರಟೇಹೋದರು. ನನಗೆ ತಲೆ ಚಿಟ್ಟು ಹಿಡಿಯಿತು.

ಮಾರನೆಯ ದಿನ ಬೆಳಗಿನ ಬೆಳಕು ಕಿಟಕಿಯಿಂದ ನೇರ ಮೇಜಿನ ಮೇಲೆ ಬಿದ್ದಿತ್ತು. ಮಗಳು, ಮಾಮ, ಕಂಪ್ಯೂಟರಿನವನು, ನಾನು. ಅತ್ತಿಗೆ ಹೊಸ್ತಿಲಾಚೆಯೇ ಕುರ್ಚಿ ಹಾಕಿಕೊಂಡಳು. ಟೀಚರನ್ನೂ ಕರೆಸಿದ್ದರು ದೊಡ್ಡಮ್ಮ. ಮೇಷ್ಟ್ರ ಕುರ್ಚಿ ಖಾಲಿ ಇತ್ತು, ಅದರಲ್ಲಿ ಕೂರಲು ಯಾರಿಗೂ ಧೈರ್ಯ ಬರಲಿಲ್ಲ.

"ಮೊದಲು ದೆವ್ವವನ್ನ ಕಳಿಸಿಬಿಡೋಣ," ಎಂದರು ದೊಡ್ಡಮ್ಮ. "ನಿನ್ನೆ ಇವನು ಸಂಜೆ ನಾಲ್ಕು ಹತ್ತಕ್ಕೆ ಹೆಸರು ತಗೊಂಡ. ಗಡಿಯಾರ ನಾನೇ ನೋಡಿದೆ. ದಾಖಲೆಯಲ್ಲಿ ಬಿದ್ದಿದ್ದು ಹತ್ತು ಗಂಟೆ ನಲವತ್ತು ನಿಮಿಷ, ಅದರ ಹಿಂದೆ ಅದೇ ಝಡ್. ಅದು ಇಡೀ ಪ್ರಪಂಚಕ್ಕೆ ಒಂದೇ ಅಂತ ಇಟ್ಟ ಗಡಿಯಾರದ ಗುರುತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಅಂದಮೇಲೆ ಮೇಷ್ಟ್ರ ಹೆಸರಿನ ನೋಂದಣಿ ಯಾವಾಗ ಆಯ್ತು?"

"ಬೆಳಿಗ್ಗೆ ಎಂಟು ನಲವತ್ತಕ್ಕೆ!" ಎಂದು ನಾನು ಕೂಗಿಬಿಟ್ಟೆ. ಆ ಬಾಲವನ್ನು ನನ್ನ ಕೈಯಾರೆ ಬರೆದಿದ್ದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

"ಆಗ ಬೀಗ ತೆಗೆದಿತ್ತು. ಮಗಳು ಆಸ್ಪತ್ರೆಯಲ್ಲಿ. ಅತ್ತಿಗೆ ಬಾಗಿಲಲ್ಲಿ, ಹೊರಗಿನವರು ಯಾರೂ ಬರಲಿಲ್ಲ ಅಂತ ಅವಳೇ ಹೇಳಿದಳು. ಕಂಪ್ಯೂಟರಿನವನೂ ಹೊರಗಿನವನೇ."

"ಅಬ್ಬಾ," ಎಂದ ಅವನು.

"ಇನ್ನು ಕಂಪನಿ ಆರಿಸಿದ್ದು ನೋಡಿ. ಕಂಪ್ಯೂಟರಿನವನಾಗಿದ್ದರೆ ತನ್ನ ಖಾತೆಗೆ ಹಾಕ್ಕೋತಿದ್ದ. ಅತ್ತಿಗೆಯಾಗಿದ್ದರೆ ಅಗ್ಗದ್ದೇ ಸಾಕಿತ್ತು. ಮಾಲೀಕ ಸತ್ತರೆ ಏನು ಅಂತ ಕೇಳಿದವರು ಮಾತ್ರ ಮೂರನೇದಕ್ಕೆ ಹೋಗಿದ್ದಾರೆ. ಹತ್ತು ವರ್ಷಕ್ಕೆ ತಗೊಂಡಿದ್ದಾರೆ. ಕದ್ದು ಮಾರೋನು ಹತ್ತು ವರ್ಷಕ್ಕೆ ಕಟ್ಟಲ್ಲ. ಹೆಸರು ಮುಚ್ಚಿಡೋ ಚೌಕದಲ್ಲಿ ಮೊದಲೇ ಗುರುತಿರುತ್ತೆ, ಅದನ್ನ ಬೇಕಂತಲೇ ತೆಗೆದಿದ್ದಾರೆ. ಮೇಷ್ಟ್ರ ಹೆಸರು ನಾಲ್ಕು ಜನಕ್ಕೆ ಕಾಣಲಿ ಅಂತ ಆಸೆಪಟ್ಟವರು ಅವರು."

ಮಾಮನ ಚಾಕು ನಿಂತಿತ್ತು.

"ಕೊನೆಯದು ಕಣ್ಣು," ದೊಡ್ಡಮ್ಮನ ದನಿ ಮೆತ್ತಗಾಯಿತು. "ಮೇಷ್ಟ್ರು ಬಲಗೈಯವರು. ಆರು ವರ್ಷದಿಂದ ಇಲ್ಲಿ ಆದ ಒಂದೊಂದು ಕಣ್ಣಿನ ಗೆರೆಯೂ ಎಡಕ್ಕೆ ವಾಲಿದೆ, ಅದು ಎಡಗೈಯದು. ಟೀಚರ ಹೊಸ ಕಣ್ಣು ಕೂಡ. ಮಾಮ, ನೀವಾಗೇ ಹೇಳ್ತೀರೋ?"

ಮಾಮ ಚಾಕುವನ್ನು ಕೆಳಗಿಟ್ಟ. ತನ್ನ ಎಡಗೈಯನ್ನು ನೋಡಿಕೊಂಡ.

"ಭಾವನಿಗೆ ಆರು ವರ್ಷದ ಹಿಂದೆ ಕೈ ನಡುಕ ಶುರುವಾಯ್ತು," ಎಂದ. "ಒಂದು ಗೆರೆ ನೆಟ್ಟಗೆ ಎಳೆಯೋಕೆ ಆಗ್ತಿರಲಿಲ್ಲ. ಮಗಳಿಗೆ ಹೇಳಬೇಡ ಅಂದ್ರು. ಅವಳು ನನ್ನನ್ನ ದೇವರ ಥರ ನೋಡ್ತಾಳೆ ಕಣೋ ಅಂತ ಅತ್ತುಬಿಟ್ರು. ಬಾಗಿಲು ಹಾಕ್ಕೊಂಡು ಅವರು ಬಣ್ಣ ಹೇಳೋರು, ನಾನು ಬರೆಯೋನು. ಪತ್ರ, ರಸೀದಿ, ಅರ್ಜಿ ಎಲ್ಲಾ ನಾನೇ ತುಂಬ್ತಿದ್ದೆ, ಅವರ ಹೆಸರಲ್ಲಿ. ಅವತ್ತೂ ಮಾಲೀಕರ ಹೆಸರು ಅಂತ ಕೇಳಿತು. ಕೈ ತನ್ನಷ್ಟಕ್ಕೆ ತಾನೇ ಭಾವನ ಹೆಸರು ಹೊಡೀತು."

"ಮಾಮ..." ಎಂದಳು ಮಗಳು. "ನನಗೆ ಹೇಳಬಹುದಿತ್ತಲ್ಲ? ಎಂಟು ತಿಂಗಳು!"

"ಮಾತು ಕೊಟ್ಟಿದ್ದೆ ಪುಟ್ಟಿ. ಆದ್ರೆ ಭಾವನ ಹೆಸರು ಹಾಕಿ ಕಾರ್ಖಾನೆ ಕಣ್ಣು ಮಾರ್ತೀನಿ ಅಂದೆಯಲ್ಲ, ಅದು ತಡೆಯೋಕಾಗಲಿಲ್ಲ. ಹೆಸರು ನನ್ನ ಹತ್ರ ಇದ್ದರೆ ಮಾರಲ್ಲ ಅಂದುಕೊಂಡೆ. ಹಳೇ ಪೇಷೆಂಟುಗಳು ಕಣ್ಣು ಬದಲಿಸದೆ ಒದ್ದಾಡ್ತಿದ್ರು, ಬಣ್ಣದ ಚೀಟಿ ಇತ್ತು, ಅಚ್ಚು ಇತ್ತು, ನೀನು ಆಸ್ಪತ್ರೆಗೆ ಹೋದಾಗ ಬರೆದೆ. ನಿನ್ನನ್ನ ಹೆದರಿಸಬೇಕು ಅಂತ ಅಲ್ಲ ಕಣೇ. ತಪ್ಪಾಯ್ತು."

"ಅಪ್ಪ ನನಗೆ ಕಲಿಸದೇ ಇದ್ದದ್ದು..."

"ಕಲಿಸೋಕೆ ಕೂತಿದ್ರೆ ಅವರ ಕೈ ನಿನಗೆ ಕಾಣಿಸಿಬಿಡ್ತಿತ್ತು. ನಿನ್ನ ಕೈ ತನಗಿಂತ ಚೆನ್ನಾಗಿದೆ ಅಂತ ಎಷ್ಟು ಸಲ ಹೇಳಿದ್ದಾರೆ ಗೊತ್ತಾ!"

ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಕಣ್ಣು ತುಂಬಿತು. ಅತ್ತಿಗೆ ಆ ಕೋಣೆಯ ಹೊಸ್ತಿಲನ್ನು ಮೊದಲ ಸಲ ದಾಟಿ ಬಂದು ಅವಳ ಬೆನ್ನು ಸವರಿದಳು.

ಟೀಚರು ಗಂಟಲು ಸರಿಮಾಡಿಕೊಂಡರು. "ಬೆಳಕಿರುವಾಗಲೇ ನನ್ನ ಕಣ್ಣು ಹಾಕ್ತೀರಾ, ಇಲ್ಲಾ ನಾನು ನಾಳೆ ಬರಬೇಕಾ?"

ಎಲ್ಲರಿಗೂ ನಗು ಬಂತು. ಮಾಮ ಎದ್ದು ಕೈ ತೊಳೆದು, ಟೀಚರನ್ನು ಕಿಟಕಿಯ ಬಳಿ ಕೂರಿಸಿ ಕಣ್ಣು ಹಾಕಿದ. ಟೀಚರು ಕನ್ನಡಿ ನೋಡಿಕೊಂಡರು. ಎರಡು ಕಣ್ಣಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೇಷ್ಟ್ರು ಇದ್ದಾಗ ಹೇಗಿತ್ತೋ ಹಾಗೇ ಇದೆ ಎಂದು ಅವರು ಹೇಳಿದಾಗ ಮಾಮ ಅವರ ಹಳೆಯ ಕಣ್ಣನ್ನು ಡ್ರಾಯರಿನ ಹತ್ತಿಯ ಮೇಲೆ ಇಟ್ಟ.

ಮಗಳೇ ಮರಣ ಪತ್ರ, ವಾರಸು ಪತ್ರ ಎಲ್ಲ ಕಂಪನಿಗೆ ಕಳಿಸಿ, ಮಾಲೀಕರ ಹೆಸರು ಬದಲಿಸಿಕೊಡಿ ಎಂದು ಕೇಳಿದಳು. ದಾಖಲೆ ನೋಡಿದ ಮೇಲೂ ಅವರದೊಂದು ಪದ್ಧತಿ ಇತ್ತು. ಹಳೆಯ ಮಾಲೀಕರ ಇಮೇಲಿಗೆ ಒಪ್ಪಿಗೆ ಕೇಳುವ ಪತ್ರ ಬರುತ್ತದೆ. ಅದು ಬಂದ ದಿನ ನಾನೂ ದೊಡ್ಡಮ್ಮನೂ ಅಲ್ಲಿದ್ದೆವು. ಹಳೇ ಕಂಪ್ಯೂಟರಿನಲ್ಲಿ, ಮೇಷ್ಟ್ರ ಹೆಸರಿಗೆ, ಹೀಗಿತ್ತು: 'ಈ ಹೆಸರನ್ನು ಕೆಳಗಿನ ವ್ಯಕ್ತಿಗೆ ಬಿಟ್ಟುಕೊಡಲು ನೀವು ಒಪ್ಪುತ್ತೀರಾ?'

ಕೆಳಗಿದ್ದದ್ದು ಮಾಮನ ಹೆಸರು. ಅದನ್ನು ಅವಳು ಮಾಮನಿಗೆ ಹೇಳಿರಲಿಲ್ಲ.

"ಇದೇನು ಪುಟ್ಟಿ, ನಿನ್ನದು ಹಾಕೋದು ಬಿಟ್ಟು!" ಮಾಮ ಬೆಚ್ಚಿಬಿದ್ದ. "ನನ್ನ ಹೆಸರು ಎಲ್ಲೂ ಇಲ್ಲ, ಇರೋದೂ ಬೇಡ."

"ನಾನು ಬರೆಯೋದು ಕಲಿತ ಮೇಲೆ ನನ್ನ ಹೆಸರಿಗೆ ಬದಲಿಸಿ. ಹತ್ತು ವರ್ಷ ಇದೆಯಲ್ಲ, ಸಾಕಾಗಲ್ವಾ?"

"ಪಾಪೆಯ ಸುತ್ತಿನ ಗೆರೆಗೇ ಮೂರು ವರ್ಷ ಬೇಕು," ಎಂದ ಮಾಮ.

ಅಭ್ಯಾಸಬಲದಿಂದ ಅವನ ಎಡಗೈ ಮೌಸಿನ ಕಡೆ ಹೋಯಿತು. ಆರು ವರ್ಷದಿಂದ ಭಾವನ ಪತ್ರಗಳಿಗೆಲ್ಲ ಉತ್ತರ ಕೊಟ್ಟ ಕೈ ಅದು. ಅರ್ಧ ದಾರಿಯಲ್ಲಿ ಅದನ್ನು ಹಿಂದಕ್ಕೆಳೆದುಕೊಂಡ.

"ಇದಕ್ಕೆ ಮಾತ್ರ ನಾನು ಹೂಂ ಅನ್ನಬಾರದು," ಎಂದ.

ಮಗಳು ಎದ್ದು ಬಂದು, ಎಂಟು ತಿಂಗಳಿಂದ ಯಾರೂ ಕೂರದ ಅಪ್ಪನ ಕುರ್ಚಿಯಲ್ಲಿ ಕೂತಳು. ಪತ್ರವನ್ನು ಇನ್ನೊಮ್ಮೆ ಓದಿದಳು. ಆಮೇಲೆ, ಅಪ್ಪನ ಪರವಾಗಿ, ಒಪ್ಪುತ್ತೇನೆ ಎಂಬ ಗುಂಡಿ ಒತ್ತಿದಳು.